ಲೈಟ್‌ಹೌಸ್ ಮೆಚ್ಚಿದ ಚಿತ್ರ

ಯಾರ ಮಾತಿಗೂ ಅಡ್ಡ ಬಾರದ, ಬೀದಿಯಲ್ಲಿ ನಡೆಯುವಾಗಲೂ ತಮ್ಮ ನೆರಳು ಇನ್ನೊಬ್ಬರ ಮೇಲೆ ಬಿದ್ದೀತೆಂಬಂತೆ ಗೋಡೆಗೆ ಒತ್ತಿಕೊಂಡೇ ಸಾಗುತ್ತಿದ್ದ ಅವರು, ಒಂದೇ ಒಂದು ಚಲನಚಿತ್ರದ ಪ್ರಸ್ತಾಪ ಬಂದಾಗ ಮಾತ್ರ ಎದುರಿಗಿದ್ದವರ ಮಣಿಕಟ್ಟನ್ನು ಹಿಡಿದುಬಿಡುತ್ತಿದ್ದರು. ಬಿಗಿಯಾದ ಹಿಡಿತವೇನಲ್ಲ, ಆದರೆ ‘ಚೆನ್ನಾಗಿದೆ’ ಎಂಬ ಮಾತು ಹಿಡಿಸಿಕೊಂಡವರ ಬಾಯಿಂದ ಹೊರಡುವತನಕ ಅದು ಸಡಿಲವಾಗುತ್ತಲೂ ಇರಲಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕುಳಿತಿದ್ದವನೊಬ್ಬ ಹೀಗೆ ಸಿಕ್ಕಿಬಿದ್ದು, ಸೋಪು ಒಣಗಿ ಬಿರುಕು ಬಿಟ್ಟರೂ ಬಿಡುಗಡೆ ಕಾಣದೆ, ಕೊನೆಗೆ ನೋಡದ ಚಿತ್ರವನ್ನೇ ಹೊಗಳಿ ಪಾರಾದದ್ದುಂಟು.

ಆ ಚಿತ್ರದ ನಾಯಕ ಒಂದು ದೀಪಸ್ತಂಭದ ಕಾವಲುಗಾರ. ಇವರೋ ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಬೆಳೆದ, ಒಣಕಲು ದೇಹದ, ಕತ್ತನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸುತ್ತ ನಿಲ್ಲುವ ವ್ಯಕ್ತಿ. ಬೀದಿಯವರು ‘ಲೈಟ್‌ಹೌಸ್’ ಎಂದು ಹೆಸರಿಟ್ಟರು. ಅಂಚೆಯವನೂ ಹಾಗೆಯೇ ಕರೆದ. ಅವರೂ ಬೇಸರಿಸದೆ ಓಗೊಟ್ಟರು. ಚಳಿಗೂ ಸೆಕೆಗೂ ಮೈಮೇಲೊಂದು ಖಾಕಿ ಕೋಟು. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೇ ನಿಲ್ಲುತ್ತಿತ್ತು, ಭುಜ ಮಾತ್ರ ಇಬ್ಬರು ಹಿಡಿಸುವಷ್ಟು ಅಗಲ. ನೋಡಿದವರಿಗೆಲ್ಲ ಅದು ಬೇರೆ ಯಾರಿಗೋ ಹೊಲಿಸಿದ ಕೋಟೆಂದು ತಿಳಿಯುತ್ತಿತ್ತು. ಅದು ಅವರ ಅಣ್ಣನದು.

ಚಿತ್ರವನ್ನು ನಾನೂ ನೋಡಿದ್ದೇನೆ. ಬಿರುಗಾಳಿಯಲ್ಲಿ ಕಾವಲುಗಾರನ ಮಗಳು ಕಳೆದುಹೋಗುತ್ತಾಳೆ, ದೂರದ ನಗರದಲ್ಲಿ ಗಾಯಕಿಯಾಗುತ್ತಾಳೆ, ಕಣ್ಣು ಕಳೆದುಕೊಂಡ ತಂದೆ ಕೊನೆಗೆ ದನಿಯಿಂದ ಅವಳನ್ನು ಗುರುತಿಸುತ್ತಾನೆ. ಸಮುದ್ರವನ್ನು ಬಟ್ಟೆಯ ಮೇಲೆ ಬರೆದಿದ್ದರು. ಅಲೆ ಏಳುವಾಗ ಬಟ್ಟೆಯ ಮಡಿಕೆಯೂ ಏಳುತ್ತಿತ್ತು. ನಾಯಕ ಪ್ರಾಣ ಬಿಡಲು ತೆಗೆದುಕೊಳ್ಳುವ ಅವಧಿಯಲ್ಲಿ ಪ್ರೇಕ್ಷಕರು ಚಪ್ಪಲಿ ಹುಡುಕಿ, ನಿದ್ದೆಹೋದ ಮಕ್ಕಳನ್ನು ಎಬ್ಬಿಸಿ, ಬಾಗಿಲ ಬಳಿ ಗುಂಪುಗೂಡಿ ಅವನು ಮುಗಿಸಲೆಂದು ಕಾಯುತ್ತಿದ್ದರಂತೆ. ಇದನ್ನೆಲ್ಲ ಯಾರಾದರೂ ಎತ್ತಿ ತೋರಿಸಿದರೆ ಲೈಟ್‌ಹೌಸ್ ತಮ್ಮ ಮಾಮೂಲು ಪೀಠಿಕೆಯಿಂದ ಆರಂಭಿಸುತ್ತಿದ್ದರು: “ಹಾಗೇನಿಲ್ಲ, ಆದರೂ... ದೂರದಿಂದ ನೋಡಿದ್ರೆ ಸಮುದ್ರ ಬಟ್ಟೆ ಥರಾನೇ ಕಾಣೋದು.”

ನಾನು ಆಗ ಒಂದು ಪತ್ರಿಕೆಯ ಭಾನುವಾರದ ಪುಟಕ್ಕೆ, ಜನ ತಮ್ಮ ಜನ್ಮದಲ್ಲೇ ಹೆಚ್ಚು ಮೆಚ್ಚಿದ ಚಿತ್ರ ಯಾವುದು, ಯಾಕೆ ಎಂದು ಕೇಳಿ ಬರೆಯುತ್ತಿದ್ದೆ. ಹಲ್ಲಿನ ವೈದ್ಯರೊಬ್ಬರು ಒಂದು ಹಾಸ್ಯಚಿತ್ರವನ್ನು ಹೆಸರಿಸಿ, ತಮ್ಮ ತಂದೆ ಬಾಯಿಬಿಟ್ಟು ನಕ್ಕದ್ದನ್ನು ಅಲ್ಲಿ ಮಾತ್ರ ಕಂಡೆ ಎಂದರು. ಬಸ್ ಕಂಡಕ್ಟರ್ ಹೆಂಗಸೊಬ್ಬಳು, ಪ್ರೇಮಿಗಳು ಕೊನೆಗೂ ಸೇರದ ಚಿತ್ರವೊಂದನ್ನು ಹೇಳಿ, “ನಾವು ಸೇರಿ ಏನ್ ಉದ್ಧಾರ ಆದ್ವಿ, ಅದಕ್ಕೇ ಅದು ಇಷ್ಟ” ಎಂದು ಟಿಕೆಟ್ ಹರಿದುಕೊಟ್ಟಳು. ಯಾಕೆ ಎಂಬ ಪ್ರಶ್ನೆಗೆ ಎಲ್ಲರೂ ತಮ್ಮನ್ನೇ ಉತ್ತರವಾಗಿ ಕೊಡುತ್ತಿದ್ದರು. ನಮ್ಮ ಮನೆಯ ಕೆಳಮಹಡಿಯಲ್ಲೇ ಇದ್ದ ಲೈಟ್‌ಹೌಸ್ ಮಾತ್ರ ಛಾಯಾಗ್ರಹಣ, ಸಂಗೀತ, ನೀತಿ ಎಂದು ಚಿತ್ರದ ಗುಣಗಳನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿದರು. “ಅದು ಸರಿ, ನಿಮಗೆ ಯಾಕೆ ಇಷ್ಟ?” ಎಂದು ಕೇಳಿದಾಗ ಎದ್ದು ಹೋಗಿ, ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೆ ತೊಳೆಯತೊಡಗಿದರು.

ಉತ್ತರ ಬೀದಿಗೆಲ್ಲ ಗೊತ್ತಿತ್ತು; ಬಾಯಿಬಿಟ್ಟು ಹೇಳುವವರಿರಲಿಲ್ಲ, ಅಷ್ಟೆ.

ಅಣ್ಣ ತಮ್ಮ ಇಬ್ಬರೂ ಬಟ್ಟೆ ಗಿರಣಿಯೊಂದರ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದವರು. ಅಣ್ಣನಿಗೆ ಮದುವೆಯಾಗಿ ಎಳೆಯ ಮಗಳಿದ್ದಳು. ತಮ್ಮ ಅವರ ಜೊತೆಗೇ ಇದ್ದ ಇಪ್ಪತ್ತರ ಹುಡುಗ, ಸಿನಿಮಾ ಹುಚ್ಚಿನವನು. ದೀಪಸ್ತಂಭದ ಚಿತ್ರ ಟಾಕೀಸಿನಿಂದ ತೆಗೆಯುವ ಕೊನೆಯ ದಿನ ಅವನಿಗೆ ಮಧ್ಯಾಹ್ನದ ಪಾಳಿ. ಬೆಳಗಿನ ಪಾಳಿ ಮುಗಿಸಿ ಮುಖದ ಮಸಿ ಒರೆಸಿಕೊಳ್ಳುತ್ತಿದ್ದ ಅಣ್ಣ, ತಮ್ಮನ ಜೋಲು ಮೋರೆ ನೋಡಲಾರದೆ, “ಹೋಗಿ ಸಾಯಿ, ನಾನೇ ನಿಂತ್ಕೋತೀನಿ” ಎಂದು ನಗುತ್ತ ಮತ್ತೆ ಒಳಗೆ ಹೋದ. ಆ ಸಂಜೆಯೊಳಗೆ ಬಾಯ್ಲರ್ ಸಿಡಿಯಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಬಿಸಿ ಹಬೆಯಲ್ಲಿ ಬೆಂದ ದೇಹಗಳಲ್ಲಿ ಅಣ್ಣನದು ಯಾವುದೆಂದು ತಮ್ಮ ಗುರುತಿಸಿದ್ದು ಕಾಲಿನ ಬೆರಳುಗಳಿಂದ. ಅವರಿಬ್ಬರ ಕಾಲಿನ ಬೆರಳೂ ಒಂದೇ ಅಚ್ಚು.

ಚಿತ್ರ ಮುಗಿಸಿ ಹೊರಬಂದಾಗ ಜನ ಓಡುವುದು ಕಾಣಿಸಿತು ಎಂದು ಲೈಟ್‌ಹೌಸ್ ಮನೆಯಲ್ಲಿ ಹೇಳಿದರು. ಅತ್ತಿಗೆ ಕೇಳಿಸಿಕೊಂಡರು. ಅದರ ನಂತರ ಆ ಮನೆಯಲ್ಲಿ ಆ ದಿನದ ಮಾತು ಏಳಲಿಲ್ಲ. ಲೈಟ್‌ಹೌಸ್ ಮದುವೆಯಾಗಲಿಲ್ಲ, ಗಿರಣಿಯ ನೂಲಿನ ಗೋದಾಮಿನಲ್ಲಿ ದುಡಿದು, ಅಣ್ಣನ ಮಗಳನ್ನು ಓದಿಸಿ, ಮದುವೆ ಮಾಡಿದರು. ಅತ್ತಿಗೆ ಅಣ್ಣನ ಕೋಟನ್ನು ತಾವೇ ಒಗೆದು, ಇಸ್ತ್ರಿ ಮಾಡಿ, “ಹಾಕ್ಕೋಪ್ಪ, ಗೂಟಕ್ಕೆ ನೇತುಹಾಕಿ ಏನ್ ಮಾಡ್ಲಿ” ಎಂದು ಕೊಟ್ಟರು. ದಿನವೂ ಅವರ ಪಕ್ಕದಲ್ಲೇ ಕುಳಿತು ಊಟ ಮಾಡಿದರು. ಸಿನಿಮಾಗೆ ಮಾತ್ರ ಅಪ್ಪಿತಪ್ಪಿಯೂ ಹೋಗಲಿಲ್ಲ.

ಇತ್ತ ಮೈದುನನಿಗೆ ಆ ಚಿತ್ರವೇ ಒಂದು ವ್ರತವಾಯಿತು. ಎಲ್ಲಿ ಮರುಪ್ರದರ್ಶನವಾದರೂ ಹೋಗುವುದು, ಜೊತೆಗೆ ಯಾರನ್ನಾದರೂ ಎಳೆದೊಯ್ಯುವುದು, ಮಧ್ಯಂತರದಲ್ಲಿ ಎಲ್ಲರೂ ಎದ್ದು ಹೋದರೂ ತಾವು ಕುರ್ಚಿಯ ಕೈ ಹಿಡಿದು ಖಾಲಿ ಪರದೆ ನೋಡುತ್ತ ಕೂರುವುದು. ಅಣ್ಣನ ಮಗಳ ಗಂಡ, ಕನ್ನಡಕದಂಗಡಿಯ ಸರಳ ಜೀವಿ, ಹೊಸದರಲ್ಲಿ ಊಟಕ್ಕೆ ಬಂದಾಗ ಏನೂ ಅರಿಯದೆ, “ಮಾವ, ನಿಜ ಹೇಳ್ಬೇಕಂದ್ರೆ ಆ ಚಿತ್ರ ನೋಡಿ ತಲೆನೋವು ಬಂತು” ಎಂದುಬಿಟ್ಟ. ಲೈಟ್‌ಹೌಸ್ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಮಗಳು ಹುಡುಕಿಕೊಂಡು ಹೋದಾಗ ಗಿರಣಿಯ ಕಾಂಪೌಂಡಿನ ಹೊರಗೆ, ಎಂಜಲು ಕೈಯಲ್ಲೇ ನಿಂತಿದ್ದರಂತೆ. “ಅಂಥ ಕೆಟ್ಟ ಚಿತ್ರ ಏನಲ್ಲ ಮಗಳೇ, ಅಲ್ವಾ?” ಎಂದು ಕೇಳಿದರಂತೆ. ಒಬ್ಬನ ಜೀವದ ಬದಲಿಗೆ ನೋಡಿದ ಚಿತ್ರ ಕಳಪೆಯೆಂದಾದರೆ ಏನು ಉಳಿಯುತ್ತದೆ? ಅವರ ಹಟದ ಮರ್ಮ ಇಷ್ಟೇ ಎಂದು ನಾನು ಬಹುಕಾಲ ತಿಳಿದಿದ್ದೆ.

ಹಳೆಯ ಟಾಕೀಸನ್ನು ಕೆಡವುವ ನಿರ್ಧಾರವಾಗಿ, ಯಜಮಾನ ವಿದಾಯಕ್ಕೆಂದು ಹಳೆಯ ಚಿತ್ರಗಳನ್ನು ಮ್ಯಾಟಿನಿಗೆ ಹಾಕತೊಡಗಿದ. ಅವುಗಳಲ್ಲಿ ದೀಪಸ್ತಂಭದ ಚಿತ್ರವೂ ಒಂದು. ಕಣ್ಣಿನ ಪೊರೆ ತೆಗೆಸಿಕೊಂಡು ಹೊಸದಾಗಿ ಲೋಕ ನೋಡುತ್ತಿದ್ದ ಅತ್ತಿಗೆ ಆ ಬೆಳಗ್ಗೆ ತರಕಾರಿ ಹೆಚ್ಚುತ್ತ, “ನಾನೂ ಬರ್ತೀನಿ. ಅದೇನಿದೆಯೋ ನೋಡೇಬಿಡೋಣ” ಎಂದರು. ಲೈಟ್‌ಹೌಸ್ ಮಹಡಿಯೇರಿ ಬಂದು ನನ್ನನ್ನೂ ಕರೆದರು.

ನಾನು ಅವರ ಹಿಂದಿನ ಸಾಲಿನಲ್ಲಿ ಕುಳಿತೆ. ಲೈಟ್‌ಹೌಸ್ ಪರದೆ ನೋಡಲಿಲ್ಲ. ಪರದೆಯ ಬೆಳಕಿನಲ್ಲಿ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದರು. ಬಟ್ಟೆಯ ಸಮುದ್ರ ಎದ್ದಾಗ ಮುಂದಿನ ಸಾಲಿನ ಯುವಕರು ಗೊಳ್ಳೆಂದು ನಕ್ಕರು. ಅತ್ತಿಗೆ ನಗಲಿಲ್ಲ. ಮಧ್ಯಂತರದ ದೀಪ ಹತ್ತಿತು. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮಾತೆತ್ತಿದರು.

“ನಿಮ್ಮಣ್ಣ ಬಂದಿದ್ರೆ ಇಷ್ಟೊತ್ತಿಗೆ ಗೊರಕೆ ಹೊಡೀತಿದ್ರು ಕಣಪ್ಪ.”

ಅದರಲ್ಲಿ ಕೊಂಕಿರಲಿಲ್ಲ. ಮೈದುನನ ಹೆಗಲ ಮೇಲಿನ ಭಾರವನ್ನು ಕೊಂಚ ಇಳಿಸುವ ಸಲಿಗೆಯ ನಗುವಿತ್ತು. ಆ ಸಲಿಗೆಯೇ ಅವರನ್ನು ಒಡೆದುಹಾಕಿತೇನೋ.

“ಅತ್ತಿಗೆ, ಅವತ್ತು ನಾನೂ ಪೂರ್ತಿ ನೋಡ್ಲಿಲ್ಲ,” ಎಂದರು ಲೈಟ್‌ಹೌಸ್. “ಬೇಜಾರಾಯ್ತು. ಇಂಟರ್ವಲ್‌ಗೇ ಎದ್ದು ಬಂದೆ.”

“ಬಂದು?”

“ಗಿರಣಿ ಎದುರಿಗೆ, ಟೀ ಅಂಗಡೀಲಿ ಕೂತಿದ್ದೆ. ಒಳಗೆ ಹೋಗಿ ಅಣ್ಣನ್ನ ಬಿಡಿಸ್ಕೊಳ್ಳೋಣ ಅಂತ ಎದ್ದೆ. ಹೇಗೂ ನಿಂತಿದಾನಲ್ಲ, ಇನ್ನೂ ಸ್ವಲ್ಪ ಹೊತ್ತು ಇರ್ಲಿ ಅಂತ ಮತ್ತೆ ಕೂತೆ. ಇನ್ನೊಂದು ಟೀ ಹೇಳ್ದೆ.”

ಅತ್ತಿಗೆಯ ಕೈಯಲ್ಲಿ ಕನ್ನಡಕ ಹಾಗೆಯೇ ನಿಂತಿತು. ಟಾಕೀಸಿನ ಹುಡುಗಿಯೊಬ್ಬಳು ಕಡಲೆಕಾಯಿ ಬುಟ್ಟಿ ಹೊತ್ತು ಸಾಲಿನ ನಡುವೆ ಕೂಗುತ್ತ ಹೋದಳು. ದೀಪ ಆರಿತು. ಅವರು ಕನ್ನಡಕ ಹಾಕಿಕೊಂಡು ಉಳಿದರ್ಧ ಚಿತ್ರವನ್ನು ಕದಲದೆ ನೋಡಿದರು. ಹೊರಗಿನ ಮೆಟ್ಟಿಲು ಇಳಿಯುವಾಗ ಲೈಟ್‌ಹೌಸ್ ಚಾಚಿದ ಕೈಯನ್ನು ಹಿಡಿಯದೆ, ಗೋಡೆ ಹಿಡಿದು ಇಳಿದರು.

ಬೈಗುಳವಿಲ್ಲ, ಕಣ್ಣೀರಿಲ್ಲ. ಅಡುಗೆ ಆಗುತ್ತಿತ್ತು, ತಟ್ಟೆ ಮುಚ್ಚಿಡುತ್ತಿದ್ದರು. ಪಕ್ಕದಲ್ಲಿ ಕೂರುವುದು ನಿಂತಿತು. ಕೆಲವು ವಾರಗಳ ಮೇಲೆ ಅತ್ತಿಗೆ, ಮಗಳಿಗೆ ಕೈಯಾಸರೆ ಬೇಕು ಎಂಬ ನೆವ ಹೇಳಿ ಅವಳ ಮನೆಗೆ ಹೊರಟರು. ಲೈಟ್‌ಹೌಸ್ ಪೆಟ್ಟಿಗೆಯನ್ನು ಆಟೋದವರೆಗೆ ಹೊತ್ತು ತಂದರು. ಇರಿ ಎನ್ನಲಿಲ್ಲ. ಅವರು ಬಾ ಎನ್ನಲಿಲ್ಲ.

ಆಮೇಲೆ ಲೈಟ್‌ಹೌಸ್ ಯಾರ ಮಣಿಕಟ್ಟನ್ನೂ ಹಿಡಿಯಲಿಲ್ಲ. ಬೀದಿಗೆ ಹೊಸದಾಗಿ ಬಂದ ಶಿಕ್ಷಕಿಯೊಬ್ಬರು, ನಿಮಗೆ ಸಿನಿಮಾ ಅಂದ್ರೆ ಪ್ರಾಣವಂತೆ ಎಂದು ವಿನೋದಕ್ಕೆ ಕೇಳಿದಾಗ, “ಹಾಗೇನಿಲ್ಲ” ಎಂದು ಅಷ್ಟಕ್ಕೇ ನಿಲ್ಲಿಸಿದರು, ‘ಆದರೂ’ ಬರಲಿಲ್ಲ. ಎರಡು ಚಳಿಗಾಲ ಕಳೆಯುವುದರಲ್ಲಿ ಶ್ವಾಸಕೋಶದ ಕಾಯಿಲೆ ಅವರನ್ನು ಮುಗಿಸಿತು. ಅತ್ತಿಗೆ ಬಂದರು. ದೇಹವನ್ನು ಒಯ್ಯುವವರೆಗೂ ತಲೆಯ ಬಳಿ ಕುಳಿತು, ನೊಣ ಕೂರದಂತೆ ಸೆರಗು ಬೀಸುತ್ತಿದ್ದರು. ನಾನು ಹತ್ತಿರ ಹೋದಾಗ, ತಗ್ಗಿದ ದನಿಯಲ್ಲಿ, “ಹೇಳ್ದೇ ಇದ್ದಿದ್ರೆ ಆಗ್ತಿತ್ತು. ನಾನು ಕೇಳಿದ್ನಾ?” ಎಂದರು.

ಇಂಥವರು ಎಲ್ಲ ಬೀದಿಗಳಲ್ಲೂ ಇದ್ದಾರೆ. ಒಂದು ಚಿತ್ರವನ್ನೋ, ಒಂದು ಹಾಡನ್ನೋ, ತೀರಿಹೋದವರಿಗೆ ಕಡೆಯ ಚಿಕಿತ್ಸೆ ಕೊಟ್ಟ ಒಬ್ಬ ವೈದ್ಯನನ್ನೋ, ಅದರ ಯೋಗ್ಯತೆಗೆ ಮೀರಿದ ಕಂಠದಲ್ಲಿ ಹೊಗಳುತ್ತ ನಮ್ಮ ಒಪ್ಪಿಗೆಗಾಗಿ ಕಾಯುವವರು. ಅವರಲ್ಲಿ ಅಭಿರುಚಿಯಿಲ್ಲವೆಂದು ನಾವು ನಗುತ್ತೇವೆ, ತಿದ್ದಲು ಹೊರಡುತ್ತೇವೆ. ಆ ವಸ್ತು ಎಷ್ಟು ಸಾಮಾನ್ಯವೆಂಬುದು ನಮಗಿಂತ ಮೊದಲು, ನಮಗಿಂತ ಚೆನ್ನಾಗಿ ಅವರಿಗೇ ತಿಳಿದಿರುತ್ತದೆ. ಅದನ್ನು ಒಪ್ಪಿಕೊಂಡ ದಿನ ಬದುಕುವುದು ಹೇಗೆಂಬುದು ತಿಳಿದಿರುವುದಿಲ್ಲ.