‘ತಲುಪಿದೆ’ ಎನ್ನುವ ತನಕ

ಆ ಮಧ್ಯಾಹ್ನ ಆಂಬುಲೆನ್ಸ್ ನಿಯಂತ್ರಣ ಕೊಠಡಿಯಲ್ಲಿ ಯಾರೂ ಕುಳಿತಲ್ಲಿ ಕುಳಿತಿರಲಿಲ್ಲ. ಹಾಸಿಗೆ ಖಾಲಿಯಿರುವ ಆಸ್ಪತ್ರೆಯನ್ನು ವಾಹನಗಳಿಗೆ ತಿಳಿಸಬೇಕಾದ ಸರ್ವರ್, ಹೊಸ ಸಂಪರ್ಕವೇ ಬೇಡವೆಂದು ಹಟ ಹಿಡಿದಿತ್ತು. ಸಂಪರ್ಕದ ಬಾಗಿಲುಗಳೆಲ್ಲ ತುಂಬಿವೆಯೆನ್ನುವ ‘ತೆರೆದ ಸಾಕೆಟ್‌ಗಳು ಮಿತಿ ಮೀರಿವೆ’ ಎಂಬ ಒಂದೇ ಸಾಲು ಪರದೆಯ ಮೇಲೆ ಜಪದಂತೆ ಆವರ್ತಿಸುತ್ತಿತ್ತು.

ಆ ಸರ್ವರ್‌ನ ಪ್ರೋಗ್ರಾಂ ಬರೆದವಳ ಅಣ್ಣ ಆಂಬುಲೆನ್ಸ್ ಚಾಲಕ; ಉಸಿರುಗಟ್ಟುತ್ತಿದ್ದ ಮಗುವೊಂದನ್ನು ವಾಹನದಲ್ಲಿ ಮಲಗಿಸಿಕೊಂಡು ನಾಲ್ಕುದಾರಿ ಕೂಡುವಲ್ಲಿ ನಿಂತಿದ್ದ.

“ಏನಮ್ಮಾ ಇಂಜಿನಿಯರ್ರೇ, ಎಡಕ್ಕೋ ಬಲಕ್ಕೋ? ನಿನ್ನ ಯಂತ್ರ ಮೌನವ್ರತ ಹಿಡಿದಿದೆಯಾ?”

“ಒಂದ್ನಿಮಿಷ ಇರಣ್ಣ!” ರಿಸೀವರನ್ನು ಭುಜಕ್ಕೊತ್ತಿಕೊಂಡೇ ಅವಳು ಕೀಲಿಗಳನ್ನು ಒತ್ತುತ್ತಿದ್ದಳು.

“ಆಫ್ ಮಾಡಿ ಆನ್ ಮಾಡಮ್ಮ,” ಎಂದರು ಮೇಲ್ವಿಚಾರಕರು.

“ಎರಡು ಸಲ ಮಾಡ್ದೆ ಸಾರ್. ಕಣ್ಬಿಟ್ಟು ಮತ್ತೆ ಮಲಗ್ತಿದೆ.”

ತೆರೆದ ಸಂಪರ್ಕಗಳನ್ನು ಸಾಲಾಗಿ ತೆಗೆದು ನೋಡಿದಳು. ಕೆಲವೇ ವಾಹನಗಳ ಸಂಖ್ಯೆಗಳು ಮತ್ತೆ ಮತ್ತೆ ಕಂಡವು. ಅಷ್ಟೂ ವಾಹನಗಳು ಅಂದು ಬೆಳಿಗ್ಗೆಯಷ್ಟೇ ತೆರೆದ ಸುರಂಗರಸ್ತೆಯನ್ನು ಹಾದುಬಂದಿದ್ದವು. ಒಳಗೆ ಸಿಗ್ನಲ್ ಕಡಿದಾಗಲೆಲ್ಲ ವಾಹನ ಹೊಸ ಬಾಗಿಲು ತಟ್ಟುತ್ತಿತ್ತು. ಸರ್ವರ್ ಮಾತ್ರ ಹಳೆಯದನ್ನು ಮುಚ್ಚುತ್ತಿರಲಿಲ್ಲ.

ಮುಚ್ಚದಂತೆ ಬರೆದವಳು ಅವಳೇ. ಚಾಲಕ ‘ತಲುಪಿದೆ’ ಎನ್ನುವ ತನಕ ಫೋನ್ ಇಡಬಾರದೆಂಬುದು ಆ ಕೊಠಡಿಯ ನಿಯಮ. ಕರೆ ಸ್ವೀಕರಿಸುವ ಹಿರಿಯ ಅಕ್ಕ ಮೊದಲ ದಿನವೇ ಕಲಿಸಿದ ಆ ನಿಷ್ಠೆಯನ್ನು ಅವಳು ಯಂತ್ರಕ್ಕೂ ದೀಕ್ಷೆಯೆಂಬಂತೆ ಕೊಟ್ಟಿದ್ದಳು.

“ಸ್ವಲ್ಪ ಹೊತ್ತು ಸದ್ದಿಲ್ಲದಿದ್ರೆ ಮುಚ್ಚಿಬಿಡು ಅಂತ ಬರೀತೀನಿ ಅಕ್ಕ.”

“ಅಂದ್ರೆ ನಾವೇ ಕೈಬಿಡೋದಾ?”

“ಅವರು ಆಗ್ಲೇ ಬೇರೆ ಬಾಗಿಲಲ್ಲಿ ಬಂದು ನಿಂತಿದಾರೆ. ಹಳೇದು ಸುಮ್ನೆ ಬಾಯ್ತೆರೆದಿದೆ, ಅಷ್ಟೇ.”

ಅವಳು ಆ ಸಾಲನ್ನು ಸೇರಿಸಿ ಸರ್ವರನ್ನು ಎಬ್ಬಿಸಿದಳು. ಮಿತಿಯತ್ತ ಏರಿದ ಸಂಪರ್ಕಗಳ ಸಂಖ್ಯೆ ಈ ಸಲ ಅರ್ಧದಲ್ಲೇ ನಿಂತು, ಇಳಿಯತೊಡಗಿತು.

“ಬಂತು! ಬಲಕ್ಕೆ, ಸುರಂಗದಾಚೆ!” ಅಣ್ಣ ಕೂಗಿದ. ಸೈರನ್ ಮೊರೆಯಿತು. ಮರುಕ್ಷಣ ಫೋನಿನಲ್ಲಿ ಬರಿಯ ಗುಂಯ್‌ಗುಟ್ಟುವಿಕೆ.

ಅವಳು ರಿಸೀವರನ್ನು ಕಿವಿಗೊತ್ತಿ ನಿಂತೇ ಇದ್ದಳು. ಗೋಡೆಯ ಗಡಿಯಾರ, ಪರದೆ, ಬಾಗಿಲು. ಕಣ್ಣು ಎಲ್ಲಿಯೂ ನೆಲೆಗೊಳ್ಳಲಿಲ್ಲ.

“ಇಡಮ್ಮ, ಕಟ್ಟಾಗಿದೆ,” ಎಂದಳು ಅಕ್ಕ.

“ತಲುಪಿದೆ ಅಂದಿಲ್ವಲ್ಲಕ್ಕ.”

“ನೀನು ಹಿಡ್ಕೊಂಡಿದ್ರೆ ಅವನು ಹೇಗೆ ಫೋನ್ ಮಾಡ್ತಾನೆ?”

ಅವಳು ಮನಸ್ಸಿಲ್ಲದ ಮನಸ್ಸಿನಿಂದ ಇಟ್ಟಳು. ಕೈ ತೆಗೆಯುವ ಮುನ್ನವೇ ಫೋನಿನ ಗಂಟೆ ಮೊಳಗಿತು.

“ತಲುಪಿದೆ ಕಣೇ! ಮಗು ಅಳ್ತಾ ಇದೆ, ಕೇಳಿಸ್ತಾ? ಆಗ್ಲಿಂದ ಮಾಡ್ತಿದೀನಿ, ಬರೀ ಎಂಗೇಜು. ಯಾರ ಹತ್ರ ಹರಟ್ತಿದ್ದೆ?”