ಎದ್ದು ಕೂತ ಬೆಕ್ಕು

ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮುಂಚೆಯೇ ಸೊಸೆಯ ಕಣ್ಣು ಗೋಡೆಗೆ ಹೋಯಿತು. ಮೊಳೆ ಇತ್ತು, ಚಿತ್ರ ಇರಲಿಲ್ಲ.

"ಅತ್ತೆ, ಇಲ್ಲಿದ್ದ ಬೆಕ್ಕಿನ ಚಿತ್ರ ಎಲ್ಲಿ?"

"ಲೈಬ್ರರಿಗೆ ಕೊಟ್ಟು ಬಂದೆ. ಇವತ್ತೇ ಕಡೇ ದಿನ ಅಲ್ವಾ? ಹೇಗಿದ್ರೂ ನನ್ನ ಪುಸ್ತಕ ವಾಪಸ್ ಕೊಡೋದಿತ್ತು." ಹೊಸದಾಗಿ ತಂದ ಪತ್ತೇದಾರಿ ಕಾದಂಬರಿಯಿಂದ ಅತ್ತೆ ತಲೆ ಎತ್ತಲಿಲ್ಲ.

ಸೊಸೆ ಒಮ್ಮೆ ಬೀರುವಿನ ಕಡೆ ನೋಡಿದಳು. ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು.

ಆ ಊರಿನಲ್ಲಿ ಗ್ರಂಥಾಲಯವೂ ಚಿತ್ರಗಳ ಸಂಗ್ರಹಾಲಯವೂ ಒಂದೇ ಕಟ್ಟಡದಲ್ಲಿವೆ. ಕೆಳಗೆ ಪುಸ್ತಕ, ಮೇಲೆ ಚಿತ್ರ. ಎರಡಕ್ಕೂ ಒಬ್ಬರೇ ಮೇಡಂ, ಒಂದೇ ಕಾರ್ಡು. ಕಾರ್ಡು ಒಂದೇ ಅಂದಮೇಲೆ ಪುಸ್ತಕಕ್ಕೊಂದು ನ್ಯಾಯ, ಚಿತ್ರಕ್ಕೊಂದು ನ್ಯಾಯ ಯಾಕೆ ಎಂದು ಯಾರೋ ಪುಣ್ಯಾತ್ಮರು ಹಿಂದೆಯೇ ಕೇಳಿದ್ದರಂತೆ. ಅಂದಿನಿಂದ ಚಿತ್ರವನ್ನೂ ಒಂದು ತಿಂಗಳ ಮಟ್ಟಿಗೆ ಮನೆಗೆ ಒಯ್ಯಬಹುದು. "ನಮ್ಮನೇಲಿ ಈ ತಿಂಗಳು ಸಮುದ್ರ, ನಿಮ್ಮನೇಲಿ?" ಎಂದು ಅಲ್ಲಿನ ಜನ ಬಸ್ ಸ್ಟಾಪಿನಲ್ಲಿ ಮಾತಾಡಿಕೊಳ್ಳುವುದುಂಟು.

ಸೊಸೆ ತಂದಿದ್ದು ಮೆಟ್ಟಿಲ ಮೇಲೆ ಮಲಗಿದ ಬೆಕ್ಕಿನ ಚಿತ್ರ. ಪೀಠೋಪಕರಣದ ಅಂಗಡಿಯಲ್ಲಿ ಮೇಜು ಕುರ್ಚಿಗೆ ಪಾಲಿಷ್ ಹಾಕುವ ಅವಳಿಗೆ ಆ ಬೆಕ್ಕಿನ ಮೇಲೆ ಅದೇನು ಮೋಹವೋ, ಒಂದು ಹಲಗೆ ತಂದು, ಬಣ್ಣ ತಂದು, ಅಡುಗೆಮನೆಯ ಮೂಲೆಯಲ್ಲಿ ಕೂತು ಅದನ್ನೇ ನೋಡಿ ನೋಡಿ ಬರೆದಳು. ಹಿಂದಿನ ದಿನವಷ್ಟೇ ಮುಗಿದಿತ್ತು. ಚೌಕಟ್ಟಿನೊಳಗೆ ಹೇಗೆ ಕಾಣುತ್ತದೋ ಒಂದು ದಿನ ನೋಡೋಣ ಎಂದು ಚೌಕಟ್ಟಿನ ಹಿಂದಿನ ಮೊಳೆ ಬಿಚ್ಚಿ, ಅಸಲಿ ಚಿತ್ರವನ್ನು ಹೊದಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ತನ್ನದನ್ನು ಕೂರಿಸಿದ್ದಳು. ಸಂಗ್ರಹಾಲಯದ ನಂಬರು ಅಂಟಿಸಿದ್ದು ಚೌಕಟ್ಟಿಗೆ. ಅತ್ತೆ ನಂಬರು ನೋಡಿ ಕೊಟ್ಟರು, ಮೇಡಂ ನಂಬರು ನೋಡಿ ತಗೊಂಡರು.

"ನೀವು ಕೊಟ್ಟಿದ್ದು ನಾನು ಬರೆದಿದ್ದು, ಅತ್ತೆ."

ಅತ್ತೆ ಈಗ ತಲೆ ಎತ್ತಿದರು. ಮೊದಲು ಬಾಯಿ ತೆರೆಯಿತು, ಆಮೇಲೆ ಕಣ್ಣು ಅರಳಿತು. ಮೇಡಂ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದನ್ನೂ, ಧೂಳು ಒರೆಸಿದ್ದನ್ನೂ, ಮೇಲೆ ಒಯ್ದು ನೇತು ಹಾಕಿದ್ದನ್ನೂ ಒಂದೊಂದಾಗಿ ಹೇಳಿದರು. ಅಸಲಿಯನ್ನು ಲಪಟಾಯಿಸಿ ನಕಲಿಯನ್ನು ದಾಟಿಸಿದಳು ಅನ್ನುತ್ತಾರಲ್ಲ ಎಂದು ಸೊಸೆಯ ಎದೆ ಹೊಡೆದುಕೊಳ್ಳುತ್ತಿತ್ತು. ಕಾರ್ಡು ಹೋಗುತ್ತದೆ, ಮಾನ ಹೋಗುತ್ತದೆ. ಆದರೆ ಅದೇ ಎದೆಯಲ್ಲಿ ಇನ್ನೊಂದು ಕುಣಿತವೂ ಇತ್ತು: ತನ್ನ ಚಿತ್ರ ಅಲ್ಲಿ, ಆ ಗೋಡೆಯ ಮೇಲೆ ಇದೆ. ಅದನ್ನು ಒಮ್ಮೆ ನೋಡದಿದ್ದರೆ ಅವಳಿಗೆ ಉಸಿರಾಡುವುದೂ ಕಷ್ಟವಿತ್ತು.

ಹೊದಿಕೆಯ ಗಂಟನ್ನು ಎದೆಗವಚಿಕೊಂಡು ಹೊರಟಳು. ಅತ್ತೆ ಬಿಡುತ್ತಾರೆಯೇ? ಕೊಟ್ಟವಳು ನಾನು, ಕಳ್ಳಿ ಅನ್ನುವುದಾದರೆ ನನ್ನನ್ನೇ ಅನ್ನಲಿ ಎಂದು ಹಿಂದೆಯೇ ಓಡಿಬಂದರು. ಓದಿದ ಅಷ್ಟೂ ಪತ್ತೇದಾರಿ ಬುದ್ಧಿ ಅವರಿಗೆ ದಾರಿಯಲ್ಲೇ ಜಾಗೃತವಾಯಿತು.

"ನಾನು ಕೆಳಗೆ ಮೇಡಂನ ಮಾತಿಗೆ ಎಳೀತೀನಿ. ನೀನು ಮೇಲೆ ಹೋಗಿ ಬದಲಾಯಿಸಿಬಿಡು. ನರಪಿಳ್ಳೆಗೂ ಗೊತ್ತಾಗಲ್ಲ."

ಮೇಲಿನ ಕೋಣೆಯಲ್ಲಿ ಇದ್ದದ್ದು ಒಬ್ಬರೇ, ಬಸ್ಸಿನ ಕೆಲಸದಿಂದ ನಿವೃತ್ತರಾದ ಕಂಡಕ್ಟರು. ದಿನಾ ಕೆಳಗೆ ಪೇಪರು ಮುಗಿಸಿ ಮೇಲೆ ಬಂದು ಬೆಕ್ಕಿನ ಎದುರು ಕೂರುವುದು ಅವರ ಅಭ್ಯಾಸ. ಬೆಕ್ಕು ಹೊರಗೆ ಹೋಗಿದ್ದ ಇಡೀ ತಿಂಗಳು ಎಲ್ಲಿ ಹೋಯಿತು, ಯಾವಾಗ ಬರುತ್ತದೆ ಎಂದು ಮೇಡಂನ ತಲೆ ತಿಂದಿದ್ದರು. ಈಗ ಬೆಂಚಿನ ತುದಿಗೆ ಬಂದು, ಮೊಣಕಾಲ ಮೇಲೆ ಕೈಯೂರಿ, ಮುಂದಕ್ಕೆ ಬಾಗಿ ಕೂತಿದ್ದರು.

"ನೋಡಮ್ಮ ಇಲ್ಲಿ," ಎಂದರು ಹಿಂದೆ ತಿರುಗದೆ. "ಬೆಕ್ಕು ಎದ್ದಿದೆ."

ಸೊಸೆ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಮುಚ್ಚಿದ ಕಣ್ಣು ಬರೆಯಲು ಅವಳಿಗೆ ಬಂದಿರಲಿಲ್ಲ. ಎಷ್ಟು ಸಲ ಒರೆಸಿ ಬರೆದರೂ ಸತ್ತ ಬೆಕ್ಕಿನ ಹಾಗೇ ಕಾಣುತ್ತಿತ್ತು. ಕೊನೆಗೆ ಬೇಸತ್ತು ಕಣ್ಣು ತೆರೆಸಿಬಿಟ್ಟಿದ್ದಳು.

"ಇಷ್ಟು ವರ್ಷ ನಾನು ಬಂದ್ರೂ ಅಷ್ಟೇ, ಹೋದ್ರೂ ಅಷ್ಟೇ, ಮಲಗೇ ಇರೋದು," ಎಂದರು ಕಂಡಕ್ಟರು. "ಇವತ್ತು ನನ್ನನ್ನ ನೋಡ್ತಾ ಇದೆ."

ಕೆಳಗಿನಿಂದ ಅತ್ತೆಯ ಮಾತು ಕೇಳುತ್ತಿತ್ತು. ಇಲ್ಲದ ಮೊಣಕಾಲು ನೋವನ್ನು ಮೇಡಂಗೆ ವರ್ಣಿಸುತ್ತಿದ್ದರು. ಕಂಡಕ್ಟರು ಎದ್ದು ಹೋಗುವ ತನಕ ಕಾದರೆ ಸಾಕಿತ್ತು, ಎಲ್ಲವೂ ಸಲೀಸು. ಆದರೆ ಬದಲಾಯಿಸಿಬಿಟ್ಟರೆ ನಾಳೆ ಇವರು ಬಂದು, ಮಲಗಿದ ಬೆಕ್ಕನ್ನು ನೋಡಿ, ನಿನ್ನೆ ನನಗೆ ಭ್ರಮೆಯಾಗಿತ್ತು ಅಂದುಕೊಳ್ಳುತ್ತಾರೆ. ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಮೆಟ್ಟಿಲ ಬಳಿ ಹೋಗಿ ಮೇಡಂನ ಕೂಗಿದಳು. ಅವರು ಬಂದಮೇಲೆ ಬೆಂಚಿನ ಮೇಲೆ ಗಂಟು ಬಿಚ್ಚಿಟ್ಟಳು.

"ಮೇಡಂ, ಇದು ನಿಮ್ಮದು. ಗೋಡೆ ಮೇಲಿರೋದು ನಂದು. ನಾನು ಬರೆದಿದ್ದು."

ಮೇಡಂ ಇದನ್ನೂ ನೋಡಿದರು, ಅದನ್ನೂ ನೋಡಿದರು. ತಾವೇ ಕೈಯಾರೆ ನೇತು ಹಾಕಿದ್ದು ನೆನಪಾಗಿ ಮುಖ ಕೆಂಪಗಾಯಿತು. ಆಮೇಲೆ ಚೆನ್ನಾಗಿ ಬೈದರು. ಚೌಕಟ್ಟು ಬಿಚ್ಚೋಕೆ ನಿನಗೆ ಯಾರು ಹೇಳಿದ್ದು, ಮೊಳೆ ಗೀರಿದ್ದರೆ ಯಾರು ಹೊಣೆ ಎಂದು ಉಗಿದು ಉಪ್ಪಿನಕಾಯಿ ಹಾಕಿದರು. ಸೊಸೆ ತಲೆ ತಗ್ಗಿಸಿ ಎಲ್ಲವನ್ನೂ ನುಂಗಿಕೊಂಡಳು. ಅತ್ತೆ ಮೊಣಕಾಲು ಮರೆತು ಎರಡೆರಡು ಮೆಟ್ಟಿಲು ಹಾರಿ ಬಂದು ಪಕ್ಕದಲ್ಲಿ ನಿಂತರು. ಬೈಗುಳ ಮುಗಿದಮೇಲೆ ಮೇಡಂ ಕನ್ನಡಕ ಏರಿಸಿಕೊಂಡು ಗೋಡೆಯ ಹತ್ತಿರ ಹೋದರು.

"ಮೆಟ್ಟಿಲು ಒಂಚೂರು ವಾಲಿದೆ."

"ಗೊತ್ತು, ಮೇಡಂ."

"ಬೆಕ್ಕು ಚೆನ್ನಾಗಿದೆ."

ಸೊಸೆಯ ಕಣ್ಣು ತುಂಬಿ ಬಂತು. ಆನಂದಕ್ಕೆ ಏನು ಮಾಡಬೇಕೋ ತಿಳಿಯದೆ ಅತ್ತೆಯ ಸೆರಗು ಹಿಡಿದುಕೊಂಡಳು. ತಂದುಕೊಟ್ಟವಳು ನಾನಲ್ಲವೇ ಎಂದು ಅತ್ತೆ ಅಷ್ಟರಲ್ಲಾಗಲೇ ತಮ್ಮ ಪಾಲನ್ನು ಕೇಳುತ್ತಿದ್ದರು.

ಕಂಡಕ್ಟರು ಎದ್ದು ಜೇಬಿನಿಂದ ಕಾರ್ಡು ತೆಗೆದರು. ಒಂದು ದಿನವೂ ಅವರು ಚಿತ್ರ ಒಯ್ದವರಲ್ಲ. ಇಲ್ಲೇ ಬಂದು ನೋಡಿದರಾಯಿತು ಅನ್ನುವ ಪೈಕಿ. "ಇದನ್ನ ಮನೆಗೆ ಕೊಡ್ತೀರಾ?" ಎಂದು ಮೇಡಂನ ಕೇಳಿದರು. ಅದಕ್ಕೆ ನಂಬರೇ ಇಲ್ಲವಲ್ಲ ಎಂದರು ಮೇಡಂ. ಸೊಸೆಯ ಕಡೆ ನೋಡಿದರು. ಅವಳು ಆಗಲಿ ಎಂದು ಜೋರಾಗಿ ತಲೆಯಾಡಿಸಿದಳು. ಮೇಡಂ ಚೌಕಟ್ಟಿನಿಂದ ಹಲಗೆಯನ್ನು ಬಿಡಿಸಿ, ಹೊಸ ಚೀಟಿಯಲ್ಲಿ ಹೊಸ ನಂಬರು ಬರೆದು ಬೆನ್ನಿಗೆ ಅಂಟಿಸಿದರು. ಒಂದೇ ತಿಂಗಳು, ತಡ ಮಾಡುವ ಹಾಗಿಲ್ಲ ಎಂದು ಕಂಡಕ್ಟರಿಗೆ ತಾಕೀತು ಮಾಡಿದರು.

ಅತ್ತೆ ಸೊಸೆ ಇಬ್ಬರೂ ಮೇಲಿನ ಕಿಟಕಿಗೆ ಓಡಿದರು. ಕಂಡಕ್ಟರು ಹಲಗೆಯನ್ನು ಹೊದಿಕೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟುತ್ತಿದ್ದರು.

"ನಮ್ಮ ಹೊದಿಕೆ ಹೋಯ್ತಲ್ಲೇ," ಎಂದರು ಅತ್ತೆ.

ತಿರುವಿನಲ್ಲಿ ಹಣ್ಣಿನ ಗಾಡಿಯವಳು ಅವರನ್ನು ತಡೆದು ಏನೋ ಕೇಳಿದಳು. ಕಂಡಕ್ಟರು ನಿಂತು, ಹಲಗೆಯನ್ನು ತೊಡೆಗೆ ಒರಗಿಸಿ, ಹೊದಿಕೆಯನ್ನು ಮೆಲ್ಲಗೆ ಕೆಳಕ್ಕೆ ಸರಿಸಿದರು. ಹಣ್ಣಿನವಳು ಕೈಯನ್ನು ಸೀರೆಗೆ ಒರೆಸಿಕೊಂಡು ಬಗ್ಗಿ ನೋಡತೊಡಗಿದಳು.