ಮೂಲೆಯ ಹೂವು

ಪರದೆಯ ಆಚೆ ಯಾರೋ ಕೆಮ್ಮಿದರು. ಗುಬ್ಬಿಯ ಕೈಯಲ್ಲಿದ್ದ ಸೂಜಿ ಬಟ್ಟೆಯನ್ನು ದಾಟಿ ಬೆರಳಿಗೆ ಚುಚ್ಚಿತು. ಗಂಟಲು ಸರಿಮಾಡಿಕೊಂಡು, ಒಂದು ಗಳಿಗೆ ತಡೆದು, ಆಮೇಲೆ ಮಾತಿಗಿಳಿಯುವ ಕೆಮ್ಮು ಅದು. ಅದರ ಹಿಂದೆ ಏನೇನು ಬರುತ್ತಿತ್ತೆಂದು ಅವಳ ಎಡಗೈಯ ಮಣಿಕಟ್ಟಿಗೆ ಇನ್ನೂ ನೆನಪಿದೆ.

“ಈ ದಿಂಬಿನ ಕವರು ನಿಮ್ಮ ಅಂಗಡೀದೇ ಅಲ್ವಾ ಮೇಡಂ?” ಗಂಡನ ದನಿ. ನಯವಾಗಿತ್ತು. ಹೊರಗಿನವರ ಮುಂದೆ ಅದು ಯಾವಾಗಲೂ ನಯವೇ. “ಸ್ನೇಹಿತರ ಮನೇಲಿ ಕಂಡೆ. ಹೊಲಿದೋರು ಯಾರು ಅಂತ ತಿಳ್ಕೊಳ್ಳೋಣ ಅಂತ ಬಂದೆ. ನಿಮ್ಮ ಚೀಟೀಲೆಲ್ಲ ಹೊಲಿದೋರ ಫೋಟೋ ಇರತ್ತಂತೆ. ಇದಕ್ಕೆ ಮಾತ್ರ ಗುಬ್ಬಿ ಚಿತ್ರ ಅಂಟಿಸಿದ್ದೀರಿ.”

“ಕೆಲವರಿಗೆ ಫೋಟೋ ಇಷ್ಟ ಇಲ್ಲ ಸಾರ್,” ಎಂದರು ಮೇಡಂ.

ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ, ನಡುವೆ ಒಂದು ಪರದೆ, ಅಷ್ಟೇ. ದಿಕ್ಕಿಲ್ಲದೆ ಬಂದ ಹೆಂಗಸರು ಕಸೂತಿ ಹಾಕಿ ಹೊಟ್ಟೆ ಹೊರೆದುಕೊಳ್ಳಲಿ ಎಂದು ಮೇಡಂ ಕಟ್ಟಿದ ಸಂಸ್ಥೆ. ಬಾಗಿಲು ಸದ್ದಾದರೆ ಬೆಚ್ಚಿಬೀಳುತ್ತಿದ್ದವಳಿಗೆ ಗುಬ್ಬಿ ಎಂದು ಹೆಸರಿಟ್ಟವಳು ಪಕ್ಕದಲ್ಲಿ ಕೂತು ಗುಂಡಿ ಹೊಲಿಯುವ ಗುಂಡಿಯಮ್ಮ. ಅದೇ ಹೆಸರು ಚೀಟಿಗೂ ಹತ್ತಿತು.

ಊರು ಬಿಟ್ಟಿದ್ದಳು, ಹೆಸರು ಬಿಟ್ಟಿದ್ದಳು, ಉದ್ದ ಜಡೆಯನ್ನು ಕತ್ತರಿಸಿ ಎಸೆದಿದ್ದಳು. ಕೈಯನ್ನು ಮಾತ್ರ ಬದಲಾಯಿಸಿಕೊಂಡಿರಲಿಲ್ಲ. ಕೊನೆಯ ಮೂಲೆಗೆ ಬಂದಾಗ ದಾರವನ್ನು ಗಂಟು ಹಾಕಿ ಕತ್ತರಿಸದೆ, ಮೂರೆಸಳಿನ ಕಿರುಹೂವಾಗಿ ಸುತ್ತಿ, ಅದರ ಹೊಟ್ಟೆಯೊಳಗೇ ತುದಿಯನ್ನು ಬಚ್ಚಿಡುವುದು ಅತ್ತೆ ಕಲಿಸಿದ್ದು. “ದಾರದ ಬಾಲ ಕಾಣಬಾರದು ಕಣೇ,” ಎನ್ನುತ್ತಿದ್ದರು. ಆ ಮನೆಯ ದಿಂಬು, ಹೊದಿಕೆ, ಕೈಚೌಕ ಎಲ್ಲದರ ಮೂಲೆಯಲ್ಲೂ ಆ ಹೂವಿತ್ತು. ಇಲ್ಲಿಯೂ ಅವಳ ಬೆರಳು ಅವಳನ್ನು ಕೇಳದೆ ಅದನ್ನೇ ಹೊಲಿಯುತ್ತ ಬಂದಿತ್ತು. ಅದು ಹೊಳೆದದ್ದು ಈಗ.

“ಅಮ್ಮಾ, ನೀನು ನೋಡಿ ಹೇಳು. ಅವಳ ಕೈಯೇ ತಾನೆ?”

ಅತ್ತೆಯನ್ನೂ ಕರೆತಂದಿದ್ದಾನೆ! ಗುಬ್ಬಿ ಪರದೆಯ ಸಂದಿಗೆ ಕಣ್ಣಿಟ್ಟಳು. ಅತ್ತೆ ಇನ್ನೂ ಬಡಕಲಾಗಿದ್ದರು. ಅವನು ಅವರ ತೋಳು ಹಿಡಿದಿದ್ದ. ಹಿಡಿದ ಬೆರಳಿನ ಗೆಣ್ಣು ಬೆಳ್ಳಗಾಗಿತ್ತು. ಹಿಂಬಾಗಿಲಿನಿಂದ ಓಡಿದರೂ ಸುತ್ತಿ ಬರುವುದು ಅದೇ ಬೀದಿಗೆ, ಅವನ ಗಾಡಿಯ ಮುಂದಕ್ಕೆ. ಕತ್ತರಿಸುವ ಮೇಜಿನ ಕೆಳಗೆ ಮಗಳು ಚಿಂದಿಬಟ್ಟೆಯನ್ನು ಗೊಂಬೆಗೆ ಸುತ್ತುತ್ತಿದ್ದಳು, ಬರಿಗಾಲಲ್ಲಿ.

ಬರಿಗಾಲಲ್ಲಿ. ಗುಬ್ಬಿ ಮತ್ತೆ ಸಂದಿಯತ್ತ ತಿರುಗಿದಳು. ಚಪ್ಪಲಿ ಪರದೆಯ ಆಚೆ ಬಿದ್ದಿತ್ತು, ಒಂದು ಅತ್ತ ಒಂದು ಇತ್ತ. ಹಿಮ್ಮಡಿ ಹೊರಗೆ ಬಂದರೂ ಮಗು ಬಿಡಲೊಲ್ಲದ ಚಪ್ಪಲಿ. ಪಟ್ಟಿಯ ಮೇಲೆ ಬಟ್ಟೆಯ ಚಿಟ್ಟೆ ಹೊಲಿದುಕೊಟ್ಟಿದ್ದು ಈ ಅಜ್ಜಿಯೇ.

“ಒಂದೇ ಕವರು ನೋಡಿ ಹ್ಯಾಗೋ ಹೇಳಲಿ?” ಎಂದು ಅತ್ತೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. “ಆ ಗುಬ್ಬಿ ಚೀಟಿಯವು ಬೇರೆ ಇದ್ರೆ ಕೊಡಮ್ಮ.”

ಮೇಡಂ ಅನುಮಾನಿಸಿದರು. ಅವನೇ ಕೈಚಾಚಿ ಕಪಾಟಿನಿಂದ ಕಟ್ಟನ್ನು ಎಳೆದು ತಾಯಿಯ ಮಡಿಲಿಗೆ ಹಾಕಿದ.

“ಬೆಳಕಿಗೆ ಅಡ್ಡ ನಿಂತ್ರೆ ಏನು ಕಾಣತ್ತೋ? ಹೊರಗಿರು ಹೋಗು. ಕಣ್ಣು ಮೊದಲಿನ ಹಾಗಿಲ್ಲ.”

ಅವನು ಗೊಣಗುತ್ತ ಹೊಸ್ತಿಲು ದಾಟಿ, ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ಫೋನು ತೆಗೆದ. ಅತ್ತೆ ಒಂದೊಂದೇ ಕವರು ಬಿಡಿಸಿ, ನೇರವಾಗಿ ಮೂಲೆಯನ್ನೇ ಹುಡುಕಿ ಹಿಡಿದರು. ಉಗುರು ಅಲ್ಲಿ ಏನನ್ನೋ ಕೆದಕುತ್ತಿತ್ತು. ಮುಗಿಯಿತು, ಸಾಕ್ಷಿ ಸಿಕ್ಕಿತು. ದೇವರೇ, ಮಗುವನ್ನಾದರೂ ಉಳಿಸು.

ಕೈಗೆ ಕೆಲಸ ಬಿದ್ದಾಗ ಅತ್ತೆಗೆ ಗುನುಗುವ ಅಭ್ಯಾಸ. ಸಣ್ಣಗೆ, ಮೂಗಿನಲ್ಲೇ, ತೊಟ್ಟಿಲ ಹಾಡಿನ ಆ ರಾಗ ಪರದೆಯನ್ನು ದಾಟಿ ಮೇಜಿನ ಕೆಳಗೆ ಹೋಯಿತು. ಮಗು ತಲೆ ಎತ್ತಿತು.

“ಅಜ್ಜಿ!”

ಗುಬ್ಬಿ ಹಾರಿ ಅದರ ಬಾಯಿ ಮುಚ್ಚಿದಳು. ಆ ಕ್ಷಣಕ್ಕೇ ಗುಂಡಿಯಮ್ಮ ಮಡಿಲಲ್ಲಿದ್ದ ಗುಂಡಿಯ ಡಬ್ಬಿಯನ್ನು ನೆಲಕ್ಕೆ ಕೆಡವಿದಳು. ಡಬ್ಬಿ ಢಣಢಣ ಸದ್ದು ಮಾಡಿತು, ಗುಂಡಿಗಳು ಕೋಣೆಯ ತುಂಬ ಉರುಳಿದವು.

“ಅಯ್ಯೋ ನನ್ನ ಹಣೆಬರಹವೇ! ಈ ಬೆರಳಿಗೆ ಬೆಂಕಿ ಬೀಳ! ಬೆಳಗ್ಗಿಂದ ಆರಿಸಿಟ್ಟಿದ್ದು ಕಣ್ರೇ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಕಣ್ಣು ಮಾತ್ರ ಮಗುವಿನ ಮೇಲಿತ್ತು.

“ಏನದು?” ಅವನು ಬಾಗಿಲು ನೂಕಿ ಒಳಬಂದ.

“ಗುಂಡಿ ಚೆಲ್ತು ಸಾರ್. ಒಳಗೆ ಹೆಂಗಸರು ಕೆಲಸ ಮಾಡ್ತಿದ್ದಾರೆ, ದಯವಿಟ್ಟು ಅಲ್ಲೇ ನಿಲ್ಲಿ.” ಮೇಡಂ ದನಿ ಗಟ್ಟಿಯಾಗಿತ್ತು. ಗುಬ್ಬಿ ಮಗುವನ್ನು ಅವಚಿಕೊಂಡು ಮತ್ತೆ ಪರದೆಯ ಸಂದಿಗೆ ಕಣ್ಣಿಟ್ಟಳು.

“ಏನಮ್ಮಾ? ಅವಳದೇ ತಾನೆ?”

ಅತ್ತೆ ಹಾಡು ನಿಲ್ಲಿಸಿದ್ದರು. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬಟ್ಟೆಯ ಮೇಲೆ ತೀಡುತ್ತ, “ಅಲ್ಲ ಕಣೋ,” ಎಂದರು.

“ಅಲ್ವಾ? ಹೂವು ಇದೆಯಲ್ಲ!”

“ನೀನು ತಂದಿದ್ದರಲ್ಲಿ ಇದೆ. ಆ ಹೂವನ್ನ ನಾನೇನು ಒಬ್ಬಳಿಗೇ ಕಲಿಸಿದ್ದೀನಾ? ಕೇಳಿದೋರಿಗೆಲ್ಲ ಕಲಿಸಿದ್ದೀನಿ. ಅವಳ ಕೈಯಾಗಿದ್ರೆ ಎಲ್ಲದರಲ್ಲೂ ಇರಬೇಕಿತ್ತು. ನೀನೇ ನೋಡ್ಕೋ.”

ಅವನು ಕಟ್ಟನ್ನು ಕಿತ್ತುಕೊಂಡು ಒಂದೊಂದನ್ನೇ ಕೊಡವಿದ. ಗುಬ್ಬಿ ತಾನೇ ಹೊಲಿದ ಹೂವು ಕಾಣುವುದನ್ನು ಕಾದಳು. ನೀಲಿ ಕವರಿನ ಮೂಲೆ ಬೋಳು. ಹಳದಿಯದೂ ಬೋಳು. ಹೊಟ್ಟೆಯೊಳಗೆ ಬಚ್ಚಿಟ್ಟ ಬಾಲ ಎಲ್ಲಿದೆಯೆಂದು ತಿಳಿದ ಕೈ ಎಳೆದರೆ ಮಾತ್ರ ಬಿಚ್ಚುವ ಹೂವು. ಸೂಜಿಯ ತೂತುಗಳನ್ನೂ ಎಂಜಲಿನ ಬೆರಳು ತೀಡಿ ಮುಚ್ಚಿತ್ತು. ಅತ್ತೆಯ ಎಡಮುಷ್ಟಿ ಮಡಿಲಲ್ಲಿ ಬಿಗಿಯಾಗಿತ್ತು; ಕಿರುಬೆರಳ ಸಂದಿಯಿಂದ ಕೆಂಪು ದಾರದ ಒಂದು ಎಳೆ ಇಣುಕುತ್ತಿತ್ತು.

“ಸುಮ್ಮನೆ ಇಷ್ಟು ದೂರ ಬಂದಂಗಾಯ್ತು,” ಎಂದು ಅವನು ಕವರುಗಳನ್ನು ಮೇಜಿನ ಮೇಲೆ ಎಸೆದ. “ನಿನ್ನನ್ನ ಕರ್ಕೊಂಡು ಬಂದೆನಲ್ಲ, ನನಗೆ ಬುದ್ಧಿಯಿಲ್ಲ. ಏಳು.”

ಅತ್ತೆ ಗೋಡೆ ಹಿಡಿದು ಎದ್ದರು. ಎದ್ದವರು ಬಾಗಿಲ ಕಡೆ ಹೋಗದೆ ಪರದೆಯ ಹತ್ತಿರ ಒಂದು ಹೆಜ್ಜೆ ತಡವರಿಸಿದರು. ಸೀರೆಯ ಅಂಚು ಚಪ್ಪಲಿಗಳನ್ನು ಮುಚ್ಚಿತು.

“ಏನಮ್ಮಾ ಅಲ್ಲಿ?”

“ಕಾಲು ಜೋಮು ಹಿಡಿದಿದೆ ಕಣೋ. ತಾಳು.”

ಪರದೆಯ ಕೆಳಗಿನಿಂದ ಪುಟ್ಟ ಚಪ್ಪಲಿಯೊಂದು ಒಳಗೆ ಸರಿದು ಬಂತು. ಹಿಂದೆಯೇ ಇನ್ನೊಂದು. ಬಟ್ಟೆಯ ಆಚೆ ಅತ್ತೆಯ ಉಸಿರು ಕೇಳುವಷ್ಟು ಹತ್ತಿರವಿತ್ತು. ಗುಬ್ಬಿ ಕೈ ಚಾಚಿದಳು. ಚಾಚಿದ್ದು ಪರದೆಯವರೆಗೆ ಹೋಗಲಿಲ್ಲ.

ಗಾಡಿಯ ಬಾಗಿಲು ದಢಾರನೆ ಮುಚ್ಚಿತು. ಮತ್ತೊಂದು ಮೆಲ್ಲಗೆ ಮುಚ್ಚಿತು. ಅತ್ತೆ ಅವನ ಜೊತೆ ಹೋದರು, ಆ ಮನೆಗೇ.

ಮೇಡಂ ಅಂಗಡಿಯ ಅಗುಳಿ ಹಾಕಿದರು. ಗುಂಡಿಯಮ್ಮ ನೆಲದ ಮೇಲೆ ತೆವಳಿ ಗುಂಡಿ ಹೆಕ್ಕುತ್ತ, “ಒಂದು ಸಿಕ್ಕರೆ ಒಂದು ಸಿಗಲ್ಲ, ದರಿದ್ರದ್ದು,” ಎಂದು ಮೂಗು ಒರೆಸಿಕೊಂಡಳು. ಮಗು ಚಪ್ಪಲಿಯಲ್ಲಿ ಕಾಲು ತೂರಿಸಿ, ಮೇಜಿನ ಕೆಳಗೆ ಅದೇ ರಾಗವನ್ನು ಅರ್ಧಂಬರ್ಧ ಗುನುಗತೊಡಗಿತು.

ಗುಬ್ಬಿ ಅರೆಬರೆ ಉಳಿದಿದ್ದ ಕವರನ್ನು ಎತ್ತಿಕೊಂಡಳು. ಸಾಲು ತಪ್ಪದೆ ಹೊಲಿಯುತ್ತ ಹೋದಳು. ಕೊನೆಯ ಮೂಲೆಯಲ್ಲಿ ಬೆರಳು ತಾನಾಗಿಯೇ ದಾರವನ್ನು ಸುತ್ತಲು ತಿರುಗಿತು. ಅದನ್ನು ಅಲ್ಲೇ ತಡೆದಳು. ಒಂದು ಬರಿಯ ಗಂಟು ಬಿಗಿದು ಕತ್ತರಿ ಹಾಕಿದಳು. ದಾರದ ಬಾಲ ಬಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಸೆಟೆದು ನಿಂತಿತ್ತು.